ಪಾಪಾನ್ ಸುಳ್ಳು ಹೇಳುವುದಿಲ್ಲ

ಸಾಂತಾ ರೀತಾ
೧೪ ಜನವರಿ ೧೯೬೨

ಕೊಂಪಾದ್ರೆ ಆನ್ಸೆಲ್ಮೊ ಅವರಿಗೆ,

ನಿಮ್ಮನ್ನು ಏಕವಚನದಲ್ಲಿ ಬೈದು ಕಾಗದ ಶುರು ಮಾಡಬೇಕೆಂದು ಮೂರು ದಿನ ಕೂತೆ. ಆಗಲಿಲ್ಲ. ನನ್ನ ಮಗ ನಬೋರನನ್ನು ಜ್ಞಾನಸ್ನಾನದ ದಿನ ನೀರಿನ ತೊಟ್ಟಿಯ ಮೇಲೆ ಹಿಡಿದವರು ನೀವು. ಅಂದಿನಿಂದ ಅವನಿಗೆ ನೀವು ಪದ್ರೀನೊ, ಎರಡನೆಯ ಅಪ್ಪ, ನಮಗೆ ಕೊಂಪಾದ್ರೆ; ನಾನು ನಿಮಗೆ ಕೊಮಾದ್ರೆ. ದೇವರೆದುರು ಕಟ್ಟಿದ ನಂಟಿನವರನ್ನು ನೀನು ಎನ್ನಬಾರದು, ಅವರೊಡನೆ ಜಗಳ ಕಾಯಬಾರದು ಎಂದು ನಮ್ಮಮ್ಮ ಕಲಿಸಿದ್ದಳು. ಹಿಡಿದ ಕೂಸನ್ನೇ ಇಪ್ಪತ್ತೆರಡು ವರ್ಷದ ಮೇಲೆ ಕೋವಿಯಿಂದ ಹೊಡೆದವರನ್ನು ಏನೆಂದು ಕರೆಯಬೇಕೆಂದು ಅವಳು ಕಲಿಸಲಿಲ್ಲ. ಆದ್ದರಿಂದ ಬಹುವಚನದಲ್ಲೇ ಹೇಳುತ್ತೇನೆ: ನಿಮ್ಮ ಕೈ ಸೇದಿಹೋಗಲಿ.

ಈಗ ವಿಷಯ. ನಬೋರನನ್ನು ಸ್ಮಶಾನದ ಬೇಲಿಯ ಹೊರಗೆ ಮಣ್ಣು ಮಾಡಿದ್ದಾರೆ. ಇದು ನಿಮಗೆ ಗೊತ್ತಿರಲಾರದು, ಅಷ್ಟು ಹೊತ್ತಿಗೆ ನಿಮ್ಮನ್ನು ಪಪಾಂತ್ಲಾ ಜೈಲಿಗೆ ಕರೆದೊಯ್ದಿದ್ದರು. ವೆನಿಲ್ಲಾ ಕದ್ದವನಿಗೆ ಬೇಲಿಯೊಳಗೆ ಜಾಗವಿಲ್ಲ ಎಂದು ಊರ ಮುಖಂಡ ದೋನ್ ಮಾಕ್ಲೊವಿಯೊ ಹೆಣದ ಮುಂದೆಯೇ ನಿಂತು ಹೇಳಿದ. "ಅವನು ಮೂರು ವರ್ಷದಿಂದ ಪೋಸಾ ರೀಕಾದ ಎಣ್ಣೆ ಬಾವೀಲಿ ದುಡೀತಾ ಇದ್ದ. ನಿಮ್ಮ ಕಾಯಿ ಕದ್ದು ಏನ್ ಮಾಡ್ತಾನೆ? ಅವನ ಚೀಲದಲ್ಲಿ ಒಂದು ಕಾಯಾದ್ರೂ ಸಿಕ್ತಾ?" ಅಂದೆ. "ಕೀಳೋದಕ್ಕೆ ಮುಂಚೆ ಬಿದ್ದ ಕಣಮ್ಮ. ಪಾಪಾನ್ ಕೂಗಿದ್ದನ್ನ ಅರ್ಧ ಊರು ಕೇಳಿದೆ. ಮನುಷ್ಯ ಸುಳ್ಳು ಹೇಳ್ತಾನೆ, ಪಾಪಾನ್ ಹೇಳಲ್ಲ" ಅಂದ. ಅಷ್ಟಕ್ಕೆ ಎಲ್ಲರೂ ತಲೆಯಾಡಿಸಿದರು. ನಾನೂ ಚಿಕ್ಕಂದಿನಿಂದ ಅದೇ ಮಾತು ಹೇಳಿಕೊಂಡು ಬಂದವಳು. ತೋಟದ ಪಾಪಾನ್ ಹಕ್ಕಿ ಕೂಗಿದರೆ ಕಳ್ಳ, ಸುಮ್ಮನಿದ್ದರೆ ಸಂಬಂಧಿಕ.

ಅವನು ಯಾಕೆ ಬಂದಿದ್ದ ಎಂದು ಈಗ ಬದುಕಿರುವವರಲ್ಲಿ ಮೂವರಿಗೆ ಗೊತ್ತು: ನನಗೆ, ನನ್ನ ಗಂಡ ಸಿಲ್ವೆರಿಯೊಗೆ, ನಿಮಗೆ. ಮನೆಯವರ ಮಾತು ಊರಿಗೆ ಬೇಡವಂತೆ. ನೀವು ಎದುರಿಗಿದ್ದಿರಿ. ಅವನ ಕೈಯಲ್ಲಿ ಏನಿತ್ತು, ಬಾಯಲ್ಲಿ ಏನು ಬಂತು, ನೀವು ನೋಡಿದ್ದೀರಿ, ಕೇಳಿದ್ದೀರಿ. ನನಗೆ ನಿಮ್ಮ ಕ್ಷಮೆ ಬೇಡ, ಕಣ್ಣೀರೂ ಬೇಡ. ಒಂದು ಸಾಲು ಬರೆಯಿರಿ. "ನಬೋರ್ ಕಳ್ಳನಲ್ಲ." ಕೆಳಗೆ ನಿಮ್ಮ ಹೆಸರು. ಅದನ್ನು ಹಿಡಿದು ನನ್ನ ಮಗನನ್ನು ಬೇಲಿಯೊಳಗೆ ತರುತ್ತೇನೆ.

ಬ್ರೆಡ್ಡು ಮಾರುವ ದೆಲ್ಫಿನೊ ಬುಧವಾರ, ಶನಿವಾರ ಪಪಾಂತ್ಲಾಕ್ಕೆ ಬರುತ್ತಾನೆ. ಅವನ ಕೈಗೆ ಕೊಡಿ.

ನಿಮ್ಮ ಕೊಮಾದ್ರೆ, ಬೇರೆ ಗತಿಯಿಲ್ಲದೆ,
ಫಿಡೆನ್ಸಿಯಾ


ಪಪಾಂತ್ಲಾ
೨ ಫೆಬ್ರವರಿ ೧೯೬೨

ಕೊಮಾದ್ರೆ ಫಿಡೆನ್ಸಿಯಾ ಅವರಿಗೆ,

ನಿಮ್ಮ ಶಾಪ ತಲುಪಿತು. ಅದನ್ನು ನಾಲ್ಕು ಸಲ ಓದಿದೆ. ಇಲ್ಲಿ ನನಗೆ ಬರುವ ಕಾಗದ ಬೇರೆ ಇಲ್ಲ. ನನ್ನ ಹೆಂಡತಿ ಹೋವಿತಾಳಿಗೆ ಬರೆಯಲು ಬರುವುದಿಲ್ಲವೆಂದು ನಿಮಗೇ ಗೊತ್ತು.

ಇಂದು ಕ್ಯಾಂಡಲ್ ಹಬ್ಬ. ಮುಂದಿನ ಬೀದಿಯಲ್ಲಿ ತಮಾಲೆ ಕಡುಬು ಬೇಯಿಸುವ ವಾಸನೆ ಬರುತ್ತಿದೆ. ನಬೋರ್ ಆರು ವರ್ಷದವನಾಗಿದ್ದಾಗ ಇದೇ ಹಬ್ಬಕ್ಕೆ ನಮ್ಮ ಮನೆಗೆ ಬಂದು ಒಂಬತ್ತು ತಮಾಲೆ ತಿಂದು ಹೊಟ್ಟೆನೋವು ಬರಿಸಿಕೊಂಡಿದ್ದ. ಹೋವಿತಾ ರಾತ್ರಿಯೆಲ್ಲ ಅವನ ಹೊಟ್ಟೆ ತಿಕ್ಕಿದ್ದಳು.

ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಅದು ನವೆಂಬರ್ ತಿಂಗಳು. ಕೊಯ್ಲಿಗೆ ಇನ್ನೂ ಮೂರು ವಾರವಿತ್ತು, ಕಳ್ಳರ ಕಾಲ. ಹಿಂದಿನ ವಾರವಷ್ಟೇ ಕೆಳಗಿನ ತೋಟದಲ್ಲಿ ಅರ್ಧ ಬೆಳೆ ಬೋಳಿಸಿದ್ದರು. ನಾನು ಹನ್ನೊಂದು ದಿನದಿಂದ ಬಳ್ಳಿಗಳ ನಡುವೆ ಕೋವಿ ಹಿಡಿದು ಕಾಯುತ್ತಿದ್ದೆ. ನಸುಕಿನಲ್ಲಿ ಪಾಪಾನ್‌ಗಳು ಎದ್ದವು, ಒಂದಲ್ಲ, ಇಡೀ ಹಿಂಡು. ಮಂಜಿನಲ್ಲಿ ಒಂದು ಟೋಪಿ ಕಂಡಿತು. ನಮ್ಮೂರಿನ ತಾಳೆಗರಿ ಟೋಪಿಯಲ್ಲ, ಎಣ್ಣೆ ಬಾವಿಯವರು ಹಾಕುವ ತಗಡಿನ ಟೋಪಿ. ಹಕ್ಕಿಯನ್ನು ನಂಬಿದೆ. ನೀವಾಗಿದ್ದರೂ ನಂಬುತ್ತಿದ್ದಿರಿ.

ವಕೀಲರು ಹೇಳುತ್ತಾರೆ, ಕಳ್ಳನೆಂದು ಹೊಡೆದದ್ದಾದರೆ ಮುಂದಿನ ಕೊಯ್ಲಿಗೆ ಮನೆಯಲ್ಲಿರಬಹುದಂತೆ. ಅಲ್ಲವೆಂದು ನಾನೇ ಬರೆದುಕೊಟ್ಟರೆ ಹತ್ತು ವರ್ಷವೋ, ಹದಿನೈದೋ. ನನಗೆ ನಾಲ್ಕು ಮಕ್ಕಳು, ಕೊಮಾದ್ರೆ. ಚಿಕ್ಕವಳಿಗೆ ಇನ್ನೂ ಹಲ್ಲು ಬಂದಿಲ್ಲ.

ಆ ಸಾಲೊಂದನ್ನು ಮಾತ್ರ ಕೇಳಬೇಡಿ.

ನಿಮ್ಮ ಕೊಂಪಾದ್ರೆ,
ಆನ್ಸೆಲ್ಮೊ ಒಲ್ಮೋಸ್


ಸಾಂತಾ ರೀತಾ
೧೧ ಮಾರ್ಚ್ ೧೯೬೨

ಕೊಂಪಾದ್ರೆ,

ನಿಮಗೆ ನಾಲ್ಕು ಮಕ್ಕಳು. ನನಗೆ ಇದ್ದದ್ದು ಒಂದು. ಲೆಕ್ಕ ಚೆನ್ನಾಗಿದೆ.

ನೀವು ಬರೆಯದಿದ್ದರೆ ನಾನು ಸುಮ್ಮನೆ ಕೂರುವವಳಲ್ಲ. ದಿನವೂ ನಿಮ್ಮ ತೋಟಕ್ಕೆ ಹೋಗುತ್ತಿದ್ದೇನೆ. ಅವನು ಬಿದ್ದ ಜಾಗ ಹೋವಿತಾ ತೋರಿಸಿದಳು, ನೆರಳಿನ ಮರದಿಂದ ಏಳನೇ ಬಳ್ಳಿ. ಅಲ್ಲಿ ಒಂದು ಮೇಣದ ಬತ್ತಿ ಹಚ್ಚಿ, ಒಂದು ರೊಟ್ಟಿ ಮುರಿದಿಟ್ಟು ಬರುತ್ತೇನೆ. ಮೊದಲ ದಿನ ಹೋವಿತಾ ಬಾಗಿಲಿಗೆ ಅಡ್ಡ ನಿಂತು, "ಏನ್ ಮಾಡ್ಬೇಕು ಅಂತ ಬಂದ್ರಿ ಕೊಮಾದ್ರೆ, ನಮ್ಮನೆಗೆ ಮಾಟ ಮಾಡೋಕಾ?" ಅಂದಳು. "ಮಾಟ ಗೊತ್ತಿದ್ರೆ ನಿನ್ನ ಗಂಡ ಇಷ್ಟು ದಿನ ಇರ್ತಿದ್ನಾ?" ಅಂದೆ. ಆಮೇಲೆ ಇಬ್ಬರೂ ಅತ್ತೆವು. ಈಗ ಅವಳೇ ಬೆಂಕಿಕಡ್ಡಿ ತಂದುಕೊಡುತ್ತಾಳೆ.

ನಿಮ್ಮ ಪಾಪಾನ್‌ಗಳು ಮೊದಲ ದಿನ ಕಿವಿ ತೂತು ಬೀಳುವ ಹಾಗೆ ಕಿರುಚಿದವು. ಪ್ಯಾ, ಪ್ಯಾ, ಪ್ಯಾ, ಪ್ರತಿ ಕೂಗಿನ ಹಿಂದೆ ಒಂದು ಬಿಕ್ಕಳಿಕೆ. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರುತ್ತ ರಸ್ತೆಯವರೆಗೂ ಅಟ್ಟಿಕೊಂಡು ಬಂದವು. ಕಲ್ಲೆತ್ತಿ ಹೊಡೆದೆ, ತಾಗಲಿಲ್ಲ.

ಬರುವ ತಿಂಗಳು ನಮ್ಮ ತೋಟ ಹೂ ಬಿಡುತ್ತದೆ. ಮುಯ್ಯಾಳು ಕೇಳಲು ಗಿರಣಿಯ ಹತ್ತಿರ ಹೋಗಿದ್ದೆ. ಹಿಂದಿನ ವರ್ಷ ನಾನು ಹದಿನಾಲ್ಕು ಮನೆಯ ತೋಟದಲ್ಲಿ ಕಾಯಿ ಕಟ್ಟಲೆಂದು ಕೈಯಿಂದ ಹೂ ಕೂಡಿಸಿಕೊಟ್ಟಿದ್ದೇನೆ. ಈ ವರ್ಷ ಒಬ್ಬಳಿಗೆ ಸೊಂಟ ನೋವು, ಒಬ್ಬಳ ಅತ್ತೆಗೆ ಜ್ವರ. ಆ ಚಿಟುಕುಮುಳ್ಳು ಪೆತ್ರೊನಿಲಾ ಮಾತ್ರ ನೇರವಾಗಿ ಹೇಳಿದಳು: "ಬರೋಕೇನೋ ಬರ್ತೀನಿ ಫಿಡೆನ್ಸಿಯಾ. ಕಳ್ಳನ ಮನೇಲಿ ಮುಯ್ಯಿ ಮಾಡಿದ್ಲು ಅಂತ ನಾಳೆ ನನ್ನ ಮಗಳಿಗೆ ಗಂಡು ಸಿಗದೇ ಇದ್ರೆ, ನೀನು ಕೊಡ್ತೀಯಾ ಗಂಡು? ಇದ್ದೊಬ್ಬನೂ ಹೋದ." ಅವಳ ಹಿಟ್ಟಿನ ಬಟ್ಟಲನ್ನು ನೆಲಕ್ಕೆ ಕುಕ್ಕಿ ಬಂದೆ.

ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಎರಡು ಕೈ ಎಷ್ಟು ಹೂ ಮುಟ್ಟೀತು, ನೀವೇ ಹೇಳಿ.

ಫಿಡೆನ್ಸಿಯಾ


ಸಾಂತಾ ರೀತಾ
೨೯ ಏಪ್ರಿಲ್ ೧೯೬೨

ಕೊಂಪಾದ್ರೆ,

ನಿಮ್ಮಿಂದ ಉತ್ತರವಿಲ್ಲ. ದೆಲ್ಫಿನೊ ಪ್ರತಿ ಸಲ ಬುಟ್ಟಿ ಬಗ್ಗಿಸಿ ತೋರಿಸುತ್ತಾನೆ, "ಬ್ರೆಡ್ ಬಿಟ್ರೆ ಬೇರೇನಿಲ್ಲ ಕಣವ್ವ" ಎಂದು. ಅವನಿಗೂ ನನ್ನ ಮುಖ ನೋಡಲು ಬೇಸರ ಬಂದಿದೆ.

ಹೂವೆಲ್ಲ ಉದುರಿತು. ಸಿಲ್ವೆರಿಯೊ ಮತ್ತು ನಾನು ಇಬ್ಬರೇ ಮಾಡಿದ್ದು ನಾಲ್ಕರಲ್ಲೊಂದು ಪಾಲು. ಅವರು ಮಾತಾಡುವುದಿಲ್ಲ. ನವೆಂಬರಿನಿಂದ "ಹೂಂ", "ಊಹೂಂ", ಅಷ್ಟೇ. ಯಾಕೆಂದು ನಿಮಗೆ ಗೊತ್ತಿರಲಿ. ಅಂದು ನಬೋರನನ್ನು ನಿಮ್ಮ ತೋಟಕ್ಕೆ ಕಳಿಸಿದ್ದು ಅವರೇ. ಸಿಲ್ವೆರಿಯೊ ಮರದಿಂದ ಬಿದ್ದು ಕಾಲು ಮುರಿದುಕೊಂಡಾಗ ನೀವು ಎರಡು ದಿನ ನಮ್ಮ ತೋಟದ ಕಳೆ ತೆಗೆದಿರಿ. ನಬೋರ್ ರಜೆಗೆ ಬಂದ ರಾತ್ರಿಯೇ ಅವರು, "ನಾಳೆ ನಿನ್ನ ಪದ್ರೀನೊಗೆ ಮುಯ್ಯಿ ತೀರಿಸಿ ಬಾರೋ, ನನ್ನ ಮುಖ ಉಳಿಸು" ಅಂದರು. ಮಧ್ಯಾಹ್ನದ ಬಸ್ಸಿಗೆ ಪೋಸಾ ರೀಕಾದ ಗೆಳೆಯರು ಕಾಯುತ್ತಾರೆಂದು ಅವನು ಕತ್ತಲಿದ್ದಾಗಲೇ ಹೊರಟ. ನಾನು ಬೋಕೋಲ್ ರೊಟ್ಟಿ ಕಟ್ಟಿಕೊಟ್ಟೆ. ಇದನ್ನು ಸಭೆಯಲ್ಲಿ ಹೇಳಿದಾಗ ದೋನ್ ಮಾಕ್ಲೊವಿಯೊ ನಕ್ಕ. "ಯಾವ ಮುಯ್ಯಾಳು ಕಣಮ್ಮ ಕತ್ತಲಲ್ಲಿ ಬರ್ತಾನೆ?"

ತೋಟಕ್ಕೆ ಹೋಗುವುದು ಬಿಟ್ಟಿಲ್ಲ. ನಿಮ್ಮ ಹಕ್ಕಿಗಳು ಗೂಡು ಕಟ್ಟಿವೆ. ಒಂದೇ ಗೂಡು, ಅದಕ್ಕೆ ಏಳು ಹಕ್ಕಿಗಳ ಚಾಕರಿ. ತಾಯಿ ಒಂದೋ ಎರಡೋ, ಉಳಿದವೆಲ್ಲ ಅಕ್ಕ, ಅಣ್ಣ, ಚಿಕ್ಕಮ್ಮ ಇರಬೇಕು. ಎಳೆಯವುಗಳ ಕೊಕ್ಕು ಹಳದಿ, ಹಳೆಯವುಗಳದ್ದು ಕಪ್ಪು. ಹಳದಿ ಕೊಕ್ಕಿನವು ತಾವೇ ಮರಿಗಳಂತಿವೆ, ಆದರೂ ಮಿಡತೆ ತಂದು ಚಿಕ್ಕವಕ್ಕೆ ಉಣಿಸುತ್ತವೆ. ಕೂತು ನೋಡುತ್ತಾ ಹೊಟ್ಟೆ ಉರಿಯಿತು. ಅವಕ್ಕೆ ಮುಯ್ಯಾಳು ಇದ್ದಾರೆ.

ಅಲ್ಲೇ ಕೂತು ಒಂದು ವಿಷಯ ಹೊಳೆಯಿತು. ನಬೋರ್ ಮೂರು ವರ್ಷ ಊರಲ್ಲಿರಲಿಲ್ಲ. ಈ ಹಳದಿ ಕೊಕ್ಕಿನವು ಹುಟ್ಟಿದ್ದೇ ಆ ಮೂರು ವರ್ಷದಲ್ಲಿ. ಅವಕ್ಕೆ ಅವನ ಮುಖ ಗೊತ್ತಿಲ್ಲ! ಅವು ಕಳ್ಳನಿಗೆ ಕೂಗಲಿಲ್ಲ, ಗೊತ್ತಿಲ್ಲದವನಿಗೆ ಕೂಗಿದವು. ನನಗೂ ಕೂಗಿದವಲ್ಲ, ನಾನು ಯಾರ ಮನೆ ಕನ್ನ ಕೊರೆದಿದ್ದೆ? ಮೊದಮೊದಲು ಆ ಗದ್ದಲಕ್ಕೆ ತಲೆ ಸಿಡಿಯುತ್ತಿತ್ತು, ಈಗ ಕಿವಿಗೆ ಒಗ್ಗಿಹೋಗಿ ಕೇಳಿಸುವುದೇ ಇಲ್ಲ.

ಇದನ್ನು ಊರಿಗೆ ಹೇಳಿದರೆ ಹುಚ್ಚು ಎನ್ನುತ್ತಾರೆ. ನಿಮ್ಮ ಒಂದು ಸಾಲು ಜೊತೆಗಿದ್ದರೆ ಎನ್ನಲಾರರು. ಬರೆಯಿರಿ. ಕಾಲಿಗೆ ಬೀಳು ಎಂದರೆ ಅದನ್ನೂ ಮಾಡುತ್ತೇನೆ.

ನಿಮ್ಮ ಕೊಮಾದ್ರೆ,
ಫಿಡೆನ್ಸಿಯಾ


ಪಪಾಂತ್ಲಾ
೧೩ ಮೇ ೧೯೬೨

ಕೊಮಾದ್ರೆ,

ಕಾಲಿಗೆ ಬೀಳುತ್ತೇನೆ ಎಂದು ನೀವು ಬರೆಯಬಾರದಿತ್ತು.

ನಬೋರ್ ಕಳ್ಳನಲ್ಲ. ನಾನು, ಆನ್ಸೆಲ್ಮೊ ಒಲ್ಮೋಸ್, ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.

ಅವನ ಹೆಗಲ ಮೇಲೆ ಕಳೆ ತೆಗೆಯುವ ಗುದ್ದಲಿಯಿತ್ತು. ಸೊಂಟದಲ್ಲಿ ಬಟ್ಟೆಯ ಗಂಟು. ಮಂಜಿನಲ್ಲಿ ಗುದ್ದಲಿಯ ಕಾವು ನನಗೆ ಕೋವಿಯ ನಳಿಗೆಯ ಹಾಗೆ ಕಂಡಿತು. ಹೊಡೆದ ಮೇಲೆ ಓಡಿಹೋಗಿ ಟೋಪಿ ತೆಗೆದೆ. ಅವನು ನನ್ನನ್ನು ಗುರುತು ಹಿಡಿದ. "ಪದ್ರೀನೊ, ನಾನು... ಮುಯ್ಯಿಗೆ ಬಂದೆ" ಅಂದ. ಬೈಯಲಿಲ್ಲ, ಕೊಮಾದ್ರೆ. ತಪ್ಪು ತನ್ನದೇ ಎನ್ನುವ ಹಾಗೆ ಹೇಳಿದ, ತಡವಾಗಿ ಬಂದವರು ಹೇಳುವ ಹಾಗೆ. ಆಮೇಲೆ ಮಾತಿಲ್ಲ. ಗಂಟು ಬಿಚ್ಚಿಕೊಂಡು ಬೋಕೋಲ್‌ಗಳು ಕೆಸರಿಗೆ ಬಿದ್ದಿದ್ದವು, ಆರು. ಒಬ್ಬ ತಿನ್ನುವಷ್ಟಲ್ಲ. ಅರ್ಧ ನನಗೇ ಇರಬೇಕು.

ಜನ ಬಂದರು. ಮೊದಲು ಬಂದವನು ದೋನ್ ಮಾಕ್ಲೊವಿಯೊ. "ಕಳ್ಳನಾ?" ಅಂದ. ನಾನು "ಹೂಂ" ಅಂದೆ. ಬೇರೇನೂ ಹೇಳಲಿಲ್ಲ. ಬೋಕೋಲ್‌ಗಳನ್ನೂ ಗುದ್ದಲಿಯನ್ನೂ ನಾನೇ ಕಾಲಿನಿಂದ ಎಲೆಯ ಕೆಳಗೆ ತಳ್ಳಿದೆ.

ಇದೇ ಮಾತನ್ನು ಗುರುವಾರ ನ್ಯಾಯಾಧೀಶರ ಮುಂದೆಯೂ ಹೇಳುತ್ತೇನೆ. ವಕೀಲರು ಫೈಲು ಮುಚ್ಚಿ ಎದ್ದುಹೋದರು. ಹೋವಿತಾಳಿಗೆ ನೀವೇ ಹೇಳಿ, ನನಗೆ ಧೈರ್ಯವಿಲ್ಲ.

ಅವನನ್ನು ಒಳಗೆ ತನ್ನಿ.

ಆನ್ಸೆಲ್ಮೊ


ಸಾಂತಾ ರೀತಾ
೨೦ ಜೂನ್ ೧೯೬೨

ಕೊಂಪಾದ್ರೆ,

ನಿಮಗೆ ಹದಿನಾಲ್ಕು ವರ್ಷವಾಯಿತೆಂದು ಹೋವಿತಾ ಹೇಳಿದಳು. ಹೇಳುತ್ತಾ ನನ್ನ ಕೆನ್ನೆಗೆ ಹೊಡೆದಳು. ಹೊಡೆಸಿಕೊಂಡೆ.

ನಿಮ್ಮ ಕಾಗದ ಓದಿದ ದಿನ ನಾನು ಹೊಲದಲ್ಲಿ ಮಲಗಿಬಿಟ್ಟೆ. "ತಡವಾಗಿ ಬಂದವರು ಹೇಳುವ ಹಾಗೆ." ಅವನು ಹಾಗೇ ಇದ್ದ, ಯಾರು ಕಾಲು ತುಳಿದರೂ ತಾನೇ ತಪ್ಪಾಯಿತು ಎನ್ನುತ್ತಿದ್ದ. ನಿಮಗೆ ಕೊಟ್ಟ ಶಾಪವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಪೂರ್ತಿ ಅಲ್ಲ.

ಕಾಗದವನ್ನು ಸಭೆಯಲ್ಲಿ ಓದಿಸಿದೆ. ಶಾಲೆಯ ಮೇಷ್ಟರು ಓದಿದರು, ಕೊನೆಯಲ್ಲಿ ಅವರ ದನಿ ಬಿತ್ತು. ನಾಲ್ಕೈದು ಹೆಂಗಸರು ಕಣ್ಣೊರೆಸಿಕೊಂಡರು. ಗೆದ್ದೆ ಅಂದುಕೊಂಡೆ. ಆಗ ದೋನ್ ಮಾಕ್ಲೊವಿಯೊ ಎದ್ದ. "ಆನ್ಸೆಲ್ಮೊ ಒಳ್ಳೇವ್ನು. ಪಾಪ, ಒಳಗೆ ಕೂತು ಕೂತು ಕೊರಗಿ ಬರ್ದಿದಾನೆ. ಅವತ್ತು ನನ್ನ ಮುಂದೆ ಹೂಂ ಅಂದೋನು ಇವತ್ತು ಊಹೂಂ ಅಂತಾನೆ. ಯಾವುದನ್ನ ನಂಬೋಣ? ಪಾಪಾನ್ ಎರಡು ಮಾತಾಡಿದ್ದು ಯಾರಾದ್ರೂ ಕೇಳಿದೀರೇನ್ರಪ್ಪಾ?" ಯಾರೂ ಕೇಳಿರಲಿಲ್ಲ.

ಪಟ್ಟಣದ ನ್ಯಾಯಾಧೀಶರು ನಂಬಿದರು, ನಮ್ಮವರು ನಂಬಲಿಲ್ಲ. ನಿಮ್ಮ ಸಾಲು ನಿಮ್ಮನ್ನು ಒಳಗಿಟ್ಟಿತು, ನನ್ನ ಮಗನನ್ನು ಒಳಗೆ ತರಲಿಲ್ಲ.

ಆದರೆ ನಾನು ಬಿಡಲಿಲ್ಲ. ಎದ್ದು ನಿಂತು ಕೇಳಿದೆ: "ನಾನು ಕಳ್ಳಿನಾ? ಯಾರ ಮನೇದಾದ್ರೂ ಒಂದು ಮೊಟ್ಟೆ ಮುಟ್ಟಿದೀನಾ? ಹೇಳ್ರಿ." "ಇಲ್ಲ ಕಣಮ್ಮ, ನಿನ್ನ ಬಾಯಿ ಕೆಟ್ಟದ್ದು, ಕೈ ಚೊಕ್ಕಟ" ಎಂದು ಪೆತ್ರೊನಿಲಾಳೇ ಅಂದಳು. "ಹಾಗಾದ್ರೆ ಎಲ್ರೂ ಬನ್ನಿ. ರಸ್ತೇಲಿ ನಿಂತ್ಕೊಳ್ಳಿ. ನಾನೊಬ್ಳೇ ಆನ್ಸೆಲ್ಮೊ ತೋಟದ ಒಳಗೆ ನಡೀತೀನಿ. ಪಾಪಾನ್ ನನಗೆ ಕೂಗಿದ್ರೆ, ಅವು ಪ್ರಾಮಾಣಿಕರಿಗೂ ಕೂಗ್ತವೆ ಅಂತ ಆಯ್ತಲ್ಲ? ಆಗ ನನ್ನ ಮಗನ್ನ ಒಳಗೆ ತರಬೇಕು." ಸಭೆ ಗುಸುಗುಸು ಮಾಡಿತು, ಕೊನೆಗೆ ಒಪ್ಪಿತು. ದೋನ್ ಮಾಕ್ಲೊವಿಯೊ ತನ್ನ ತಾಯಿಯ ಮೇಲೆ ಆಣೆಯಿಟ್ಟ.

ಬರುವ ಭಾನುವಾರ, ಸಂತ ಯೊವಾನ್ನರ ಹಬ್ಬದ ಬೆಳಿಗ್ಗೆ. ಮೊದಲ ದಿನ ನನ್ನನ್ನು ರಸ್ತೆಯವರೆಗೆ ಅಟ್ಟಿದ ಹಕ್ಕಿಗಳು, ಕೊಂಪಾದ್ರೆ! ಅವು ಕೂಗಲೆಂದು ಪ್ರಾರ್ಥಿಸುವವಳು ಈ ಸೀಮೆಗೆ ನಾನೊಬ್ಬಳೇ ಇರಬೇಕು. ಸಿಲ್ವೆರಿಯೊ ಹೊಸ ಶಿಲುಬೆ ಕೆತ್ತುತ್ತಿದ್ದಾರೆ, ಸೀಡರ್ ಮರದ್ದು. ಏಳು ತಿಂಗಳಲ್ಲಿ ಮೊದಲ ಸಲ ಅವರು ಉಳಿ ಮುಟ್ಟಿದ್ದು. ನಿನ್ನೆ ನಾನು ನಕ್ಕೆ, ಯಾವುದಕ್ಕೋ ನೆನಪಿಲ್ಲ.

ನಿಮ್ಮ ಕೊಮಾದ್ರೆ,
ಫಿಡೆನ್ಸಿಯಾ


ಪಪಾಂತ್ಲಾ
೨೨ ಜೂನ್ ೧೯೬೨

ಕೊಮಾದ್ರೆ,

ನಾಳೆ ದೆಲ್ಫಿನೊ ಬಂದಾಗ, ಸಂಜೆಯೊಳಗೆ ಇದನ್ನು ಮುಟ್ಟಿಸೆಂದು ಅವನ ಕೈಹಿಡಿದು ಬೇಡಿಕೊಳ್ಳುತ್ತೇನೆ.

ಭಾನುವಾರ ತೋಟಕ್ಕೆ ಕಾಲಿಡಬೇಡಿ. ದಿನ ಮುಂದೂಡಿ. ಹೊಟ್ಟೆನೋವು ಎನ್ನಿ, ಹಲ್ಲುನೋವು ಎನ್ನಿ, ಏನಾದರೂ ಹೇಳಿ. ಕಿವಿಗೆ ಒಗ್ಗಿಹೋಗಿ ಕೇಳಿಸುವುದೇ ಇಲ್ಲ ಎಂದು ನೀವು ಏಪ್ರಿಲಿನಲ್ಲಿ ಬರೆದಿದ್ದಿರಿ. ಆ ಸಾಲನ್ನು ಇವತ್ತು ಮತ್ತೆ ಓದಿದೆ. ನಲವತ್ತು ವರ್ಷ ಆ ಹಿಂಡಿನ ಕೆಳಗೆ ಬದುಕಿದವನು ನಾನು. ಪಾಪಾನ್ ಕೂಗು ಯಾರ ಕಿವಿಗೂ ಒಗ್ಗುವುದಿಲ್ಲ. ನಿಮಗೆ ಕೇಳಿಸದೆ ಇರುವುದಲ್ಲ, ಅವು ಕೂಗುತ್ತಿಲ್ಲ. ದಿನವೂ ಹೋಗಿ, ಬತ್ತಿ ಹಚ್ಚಿ, ರೊಟ್ಟಿ ಮುರಿದಿಟ್ಟು ಬಂದಿದ್ದೀರಿ. ಅವು ನಿಮ್ಮ ರೊಟ್ಟಿ ತಿಂದು ಮುಖ ಕಲಿತಿವೆ.

ಮೂರು ತಿಂಗಳು ಆ ಕಡೆ ಸುಳಿಯಬೇಡಿ. ಆಮೇಲೆ ಬೇರೆ ಬಟ್ಟೆ, ಬೇರೆ ಹೊತ್ತು.

ದೇವರೇ, ದೆಲ್ಫಿನೊನ ಹೇಸರಗತ್ತೆ ಬೇಗ ನಡೆಯಲಿ.

ಆನ್ಸೆಲ್ಮೊ


ಸಾಂತಾ ರೀತಾ
೧ ಜುಲೈ ೧೯೬೨

ಕೊಂಪಾದ್ರೆ,

ಮಳೆಗೆ ಹೊಳೆ ಏರಿ ದೆಲ್ಫಿನೊ ಎರಡು ರಾತ್ರಿ ಆಚೆ ದಡದಲ್ಲೇ ಉಳಿದ. ನಿಮ್ಮ ಕಾಗದ ಸೋಮವಾರ ಬಂತು.

ಭಾನುವಾರ ಊರೆಲ್ಲ ರಸ್ತೆಯಲ್ಲಿ ನಿಂತಿತ್ತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ನಾನು ಹಬ್ಬದ ಬಿಳಿ ಬಟ್ಟೆ ಉಟ್ಟು ಒಳಗೆ ನಡೆದೆ. ಏಳನೇ ಬಳ್ಳಿಯವರೆಗೆ ಹೋದೆ. ಪಾಪಾನ್‌ಗಳು ಅಲ್ಲೇ ಇದ್ದವು, ತಲೆಯ ಮೇಲಿನ ಕೊಂಬೆಯಲ್ಲಿ, ಹನ್ನೊಂದು. ಹೊಸ ಮರಿಗಳೂ ಇದ್ದವು. ಅವು ನನ್ನನ್ನು ನೋಡಿದವು. ಒಂದು ಕೆಳಗಿಳಿದು ನನ್ನ ಕೈ ಕಡೆ ನೋಡಿತು, ರೊಟ್ಟಿ ಎಲ್ಲಿ ಎನ್ನುವ ಹಾಗೆ. ನಾನು ಕೈ ಬೀಸಿದೆ, ಕಲ್ಲೆಸೆದೆ, "ಕೂಗ್ರೋ, ಮುಂಡೇವಾ, ಕೂಗ್ರೋ!" ಎಂದು ಅರಚಿದೆ. ಪಕ್ಕದ ಕೊಂಬೆಗೆ ಹಾರಿ ಕೂತವೇ ಹೊರತು ಬಾಯಿ ಬಿಡಲಿಲ್ಲ. ಕಿರುಚಿದವಳು ನಾನೊಬ್ಬಳೇ.

"ನೋಡಿದ್ರಾ? ಚೊಕ್ಕಟ ಕೈಗೆ ಪಾಪಾನ್ ಕೂಗಲ್ಲ" ಎಂದ ದೋನ್ ಮಾಕ್ಲೊವಿಯೊ. ಅವನು ಗೇಲಿ ಮಾಡಲಿಲ್ಲ, ಗೌರವದಿಂದಲೇ ಹೇಳಿದ. ನಾನು ಬೇಲಿಯ ಹತ್ತಿರ ಓಡಿಬಂದು ಒಬ್ಬೊಬ್ಬರ ಕೈ ಹಿಡಿದೆ. "ನೀನು ಹೋಗು ಪೆತ್ರೊನಿಲಾ, ನೀನೂ ಕದ್ದಿಲ್ಲವಲ್ಲ. ಮೇಷ್ಟ್ರೇ, ನೀವು ಹೋಗಿ." ಎಲ್ಲರೂ ಹಿಂದೆ ಸರಿದರು. ಇಡೀ ಊರಿನ ಎದುರು ಹಕ್ಕಿ ತನಗೆ ಕೂಗಲಿ ಎಂದು ಯಾರು ಹೋಗುತ್ತಾರೆ? ನಾನಾಗಿದ್ದರೂ ಹೋಗುತ್ತಿರಲಿಲ್ಲ.

ಆಗ ಸಿಲ್ವೆರಿಯೊ ಹೋದರು. ನಾನು ಅವರನ್ನು ಕೇಳಿರಲಿಲ್ಲ. ಕುಂಟುತ್ತಾ ಬೇಲಿ ದಾಟಿ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಬಳ್ಳಿಗಳ ನಡುವೆ ನಡೆದರು. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಹನ್ನೊಂದೂ ಒಟ್ಟಿಗೆ ಎದ್ದವು. ಅಂಥ ಕೂಗನ್ನು ನಾನು ಕೇಳಿರಲಿಲ್ಲ. ಹೆಗಲಿನಲ್ಲಿದ್ದ ಮಕ್ಕಳು ಅಳತೊಡಗಿದವು. ಅವರು ಓಡಲಿಲ್ಲ. ಏಳನೇ ಬಳ್ಳಿಯ ಹತ್ತಿರ ನಿಂತು ತಲೆ ಬಗ್ಗಿಸಿಕೊಂಡಿದ್ದರು.

"ಕೇಳಿದ್ರಾ? ಕೇಳಿದ್ರಾ ಎಲ್ರೂ? ಅವರೂ ಕದ್ದೋರಲ್ಲ!" ಎಂದು ನಾನು ಕೂಗಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಗುಂಪಿನಲ್ಲಿ ಯಾರೋ ನಿಧಾನಕ್ಕೆ ಅಂದರು: "ಓಹೋ. ಅಪ್ಪನಿಂದಲೇ ಬಂದಿದ್ದು." ಜನ ಚದುರಿದರು. ಮಕ್ಕಳನ್ನು ಹೊಳೆಗೆ ಸ್ನಾನಕ್ಕೆ ಕರೆದೊಯ್ಯಬೇಕಿತ್ತು, ಹಬ್ಬವಲ್ಲವೇ. ಈಗ ಗಿರಣಿಯಲ್ಲಿ ನಾನು ಬಂದರೆ ಜಾಗ ಬಿಡುತ್ತಾರೆ. ಕೈ ಚೊಕ್ಕಟವಿದ್ದವಳು, ಪಾಪ, ಇಬ್ಬರು ಕಳ್ಳರ ನಡುವೆ ಬಾಳಿದಳು ಎಂದು ಮಾತಂತೆ. ಶಿಲುಬೆ ಹಟ್ಟಿಯಲ್ಲಿ ಒರಗಿಸಿದೆ. ಒಂದು ತೋಳು ಕೆತ್ತುವುದು ಬಾಕಿ ಇದೆ.

ಇದು ನನ್ನ ಕೊನೆಯ ಕಾಗದ. ನಿಮ್ಮಿಂದ ಇನ್ನೇನೂ ಬೇಕಿಲ್ಲ, ನೀವು ಕೊಡಬೇಕಾದ್ದನ್ನು ಕೊಟ್ಟಿರಿ. ಹಕ್ಕಿಗಳಿಗೆ ಸುಮ್ಮನಿರಲು ಕಲಿಸಿದವಳು ನಾನು.

ಸಿಲ್ವೆರಿಯೊಗಾಗಿ ಒಂದು ಮಾತು ಬರೆಯಬೇಕು, ಅದಕ್ಕೇ ಕೂತೆ. ಅಂದು ಎಲ್ಲರೂ ಹೋದ ಮೇಲೂ ಅವರು ಅಲ್ಲೇ ನಿಂತಿದ್ದರು, ಹಕ್ಕಿಗಳು ಕೂಗುತ್ತಲೇ ಇದ್ದವು. ನಾನು ಹೋಗಿ ತೋಳು ಹಿಡಿದೆ. ನನ್ನನ್ನು ಕಂಡು ಹಕ್ಕಿಗಳು ಸುಮ್ಮನಾದವು. ಏಳು ತಿಂಗಳ ಮೇಲೆ ಅವರು ಬಾಯಿ ಬಿಟ್ಟರು.

"ಇಷ್ಟು ಜೋರಾಗಿ ಕೂಗಿದ್ವಾ ಅವನಿಗೂ? ಮಗು ಹೆದರಿರ್ತಾನೆ ಕಣೇ" ಅಂದರು.

ಫಿಡೆನ್ಸಿಯಾ